ಏರ್‌ಕೂಲ್ಡ್ ವ್ಯಾನಿನ ಕಾರ್ಬೊರೇಟರ್ ಬದಲಾಯಿಸುವ ಮುನ್ನ: ನನ್ನ ಇಂಜಿನ್ ಒಡೆದ ಬಗೆ

ನನ್ನ ಬಳಿ 1973ರ ಮಾದರಿಯ ಫೋಕ್ಸ್‌ವ್ಯಾಗನ್ ಟೈಪ್ 2 ವ್ಯಾನ್ ಇದೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯಲ್ಲಿ ನೆಲೆಸಿರುವ ನಮ್ಮ ಕುಟುಂಬ ಹನ್ನೊಂದು ವರ್ಷಗಳಿಂದ ಅದರಲ್ಲಿಯೇ ಊರೂರು ಸುತ್ತಿದೆ. ಕಳೆದ ಜುಲೈ ತಿಂಗಳಲ್ಲಿ ಲಾಸ್ ಏಂಜಲೀಸ್‌ಗೆ ಹೊರಟಿದ್ದಾಗ, ಗ್ರೇಪ್‌ವೈನ್ ಎಂದು ಕರೆಯುವ ಏರುದಾರಿಯ ನಡುವೆ ಅದರ ಇಂಜಿನ್ ಒಡೆಯಿತು. ಅದಕ್ಕೆ ಎಂಟು ತಿಂಗಳ ಮೊದಲು ಅಪ್‌ಗ್ರೇಡ್ ಎಂಬ ಹೆಸರಿನಲ್ಲಿ ಹಾಕಿಸಿದ್ದ ಹೊಸ ಕಾರ್ಬೊರೇಟರ್ (ಪೆಟ್ರೋಲನ್ನು ಗಾಳಿಯೊಂದಿಗೆ ಬೆರೆಸಿ ಇಂಜಿನ್ನಿಗೆ ಕೊಡುವ ಭಾಗ) ಮತ್ತು ಅದನ್ನು ಕೂರಿಸಿದ ರೀತಿಯೇ ಅದಕ್ಕೆ ಕಾರಣ ಎಂಬುದು ಇಂಜಿನ್ ಬಿಚ್ಚಿದ ಮೇಲೆ ಸ್ಪಷ್ಟವಾಯಿತು. ಇಂತಹ ವ್ಯಾನ್ ಇಟ್ಟುಕೊಂಡಿರುವ ಇನ್ನೊಬ್ಬರು ಇದೇ ಹಾದಿ ಹಿಡಿಯಬಾರದೆಂದು ನಡೆದದ್ದನ್ನೆಲ್ಲ ವಿವರವಾಗಿ ಬರೆಯುತ್ತಿದ್ದೇನೆ.

ಈ ವ್ಯಾನಿನಲ್ಲಿರುವುದು 1.7 ಲೀಟರ್‌ನ, ಗಾಳಿಯಿಂದಲೇ ತಂಪಾಗುವ ಟೈಪ್ 4 ಇಂಜಿನ್. ಅದಕ್ಕೆ ಕಾರ್ಖಾನೆಯಿಂದ ಬಂದದ್ದು ಎರಡು ಸೋಲೆಕ್ಸ್ 34 ಪಿಡಿಎಸ್ಐಟಿ ಕಾರ್ಬೊರೇಟರ್‌ಗಳು. ಎಡಕ್ಕೊಂದು, ಬಲಕ್ಕೊಂದು, ತಂತಮ್ಮ ಬದಿಯ ಸಿಲಿಂಡರುಗಳ ತುದಿ ಮುಚ್ಚುವ, ವಾಲ್ವುಗಳಿರುವ ಸಿಲಿಂಡರ್ ಹೆಡ್‌ಗಳ ಹತ್ತಿರವೇ ಕುಳಿತಿರುತ್ತವೆ. ನನ್ನ ವ್ಯಾನಿಗಿದ್ದ ಕಾಯಿಲೆ ಸಣ್ಣದು. ಐಡ್ಲಿಂಗ್ (ಆಕ್ಸಲರೇಟರ್ ಒತ್ತದೆ ಇಂಜಿನ್ ತಿರುಗುವುದು) ಒಂದೇ ಸಮ ಇರುತ್ತಿರಲಿಲ್ಲ, ಸಿಗ್ನಲ್‌ನಲ್ಲಿ ನಿಂತಾಗ ಇಂಜಿನ್ ಏರಿಳಿಯುತ್ತಿತ್ತು. ನಲವತ್ತೈದು ವರ್ಷಕ್ಕೂ ಹೆಚ್ಚು ಕಾಲ ತಿರುಗಿ ತಿರುಗಿ, ಗಾಳಿಯ ಬಾಗಿಲನ್ನು ತೆರೆದು ಮುಚ್ಚುವ ಥ್ರಾಟಲ್ ಶಾಫ್ಟ್‌ನ ರಂಧ್ರಗಳು ಸವೆದು, ಅಲ್ಲಿಂದ ಕಳ್ಳಗಾಳಿ ಒಳಗೆ ಹೋಗುತ್ತಿತ್ತೆಂದು ಈಗ ತಿಳಿದಿದೆ. ರಂಧ್ರ ಕೊರೆದು ಕಂಚಿನ ಬುಷ್ (ಒಳಕೊಳವೆ) ಹಾಕಿಸಿದ್ದರೆ ಮುಗಿಯುತ್ತಿದ್ದ ಕೆಲಸ ಅದು. ನಾನು ವ್ಯಾನ್ ಒಪ್ಪಿಸಿದ ಗ್ಯಾರೇಜಿನವರು ಮಾತ್ರ, ಎರಡು ಕಾರ್ಬೊರೇಟರ್‌ಗಳನ್ನು ಹೊಂದಿಸುವುದು ಎಂದೆಂದಿಗೂ ತಲೆನೋವು, ಅವೆರಡನ್ನೂ ತೆಗೆದು ನಡುವೆ ಎರಡು ಗಂಟಲಿನ (ಗಾಳಿ ಹೋಗುವ ಎರಡು ದಾರಿಗಳಿರುವ) ಒಂದೇ ಕಾರ್ಬೊರೇಟರ್ ಕೂರಿಸಿದರೆ ಶಕ್ತಿಯೂ ಹೆಚ್ಚುತ್ತದೆ, ಮೈಲೇಜೂ ಹೆಚ್ಚುತ್ತದೆ ಎಂದರು. ನೆಗಡಿ ಬಂತೆಂದು ಮೂಗು ಕೊಯ್ದುಕೊಂಡಂತಾಯಿತು.

ನಡುವೆ ಕೂರಿಸುವ ಈ ಕಿಟ್‌ನ ಮೊದಲ ದೋಷ ಅದರ ಕೊಳವೆಗಳಲ್ಲಿದೆ. ಟೈಪ್ 4 ಇಂಜಿನ್ ಅಗಲವಾದದ್ದು. ನಡುವಿನ ಕಾರ್ಬೊರೇಟರ್‌ನಿಂದ ಎರಡು ಬದಿಯ ಹೆಡ್‌ಗಳಿಗೆ ಮಿಶ್ರಣ ತಲುಪಬೇಕಾದರೆ ಉದ್ದವಾದ ಕೊಳವೆಗಳ ಮೂಲಕವೇ ಸಾಗಬೇಕು, ಮತ್ತು ಆ ಕೊಳವೆಗಳನ್ನು ಬಿಸಿ ಮಾಡುವ ಯಾವ ವ್ಯವಸ್ಥೆಯೂ ನನಗೆ ಕೊಟ್ಟ ಕಿಟ್‌ನಲ್ಲಿರಲಿಲ್ಲ. ಪೆಟ್ರೋಲ್ ಆವಿಯಾಗುವಾಗ ಸುತ್ತಲಿನ ಶಾಖವನ್ನು ಹೀರಿಕೊಳ್ಳುವುದರಿಂದ, ಡಿಸೆಂಬರ್‌ನ ತೇವದ ಬೆಳಗಿನಲ್ಲಿ ಕೊಳವೆಯ ಹೊರಮೈಮೇಲೆ ಬೆಳ್ಳಗೆ ಹಿಮ ಕಟ್ಟಿದ್ದನ್ನು ನಾನೇ ನೋಡಿದೆ. ಒಳಗೆ ಪೆಟ್ರೋಲ್ ಹನಿಗಟ್ಟಿ ಗೋಡೆಗೆ ಅಂಟುತ್ತಿತ್ತು. ಆಕ್ಸಲರೇಟರ್ ಒತ್ತಿದರೆ ಇಂಜಿನ್ ಒಂದು ಕ್ಷಣ ಸತ್ತಂತಾಗಿ ಆಮೇಲೆ ಮುಗ್ಗರಿಸಿ ಏಳುತ್ತಿತ್ತು. ಬಿಸಿಯಾದ ಮೇಲೆ ಸರಿಹೋಗುತ್ತದೆ ಎಂದು ಗ್ಯಾರೇಜಿನವರು ಹೇಳಿದ್ದನ್ನು ನಂಬಿ ಚಳಿಗಾಲವನ್ನು ಹೇಗೋ ಕಳೆದೆ.

ಆದರೆ ಇಂಜಿನ್ನನ್ನು ಕೊಂದದ್ದು ಚಳಿಯ ತೊಂದರೆಯಲ್ಲ, ಲೀನ್ ಮಿಶ್ರಣ, ಅಂದರೆ ಗಾಳಿ ಹೆಚ್ಚಾಗಿ ಪೆಟ್ರೋಲ್ ಕಡಿಮೆಯಾದ ಮಿಶ್ರಣ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಂದು ಕಿಲೋ ಪೆಟ್ರೋಲ್ ಪೂರ್ತಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಆದರೆ ಏರು ಹತ್ತುವಾಗ, ಆಕ್ಸಲರೇಟರ್ ಪೂರ್ತಿ ಒತ್ತಿರುವಾಗ, ಗಾಳಿಯ ಪ್ರಮಾಣ 13ರ ಕೆಳಗಿರಬೇಕು, ಏಕೆಂದರೆ ಆ ಹೆಚ್ಚುವರಿ ಪೆಟ್ರೋಲ್ ಸಿಲಿಂಡರಿನ ಶಾಖವನ್ನು ತಗ್ಗಿಸುತ್ತದೆ. ರೇಡಿಯೇಟರ್ ಇರುವ ಕಾರಿನಲ್ಲಿ ಮಿಶ್ರಣ ಸ್ವಲ್ಪ ತೆಳುವಾದರೂ ಸುತ್ತಲಿನ ನೀರು ಹೆಡ್ಡನ್ನು ಕಾಪಾಡೀತು. ಇಲ್ಲಿ ನೀರಿಲ್ಲ, ಫ್ಯಾನಿನ ಗಾಳಿ, ಇಂಜಿನ್ ಆಯಿಲ್ ಮತ್ತು ಪೆಟ್ರೋಲ್ ಈ ಮೂರೇ ತಂಪು ನೀಡಬೇಕು. ಹಾಗಾಗಿ ಏರ್‌ಕೂಲ್ಡ್ ಇಂಜಿನ್ನಿನ ಕಾರ್ಬೊರೇಟರ್ ಬದಲಾಯಿಸುವುದೆಂದರೆ ಅದರ ತಂಪಿನ ವ್ಯವಸ್ಥೆಯ ಒಂದು ಭಾಗವನ್ನೇ ಬದಲಾಯಿಸಿದಂತೆ. ನನ್ನ ವ್ಯಾನಿಗೆ ಪೆಟ್ಟಿಗೆಯಲ್ಲಿ ಬಂದ, ಪೆಟ್ರೋಲ್ ಎಷ್ಟು ಹೋಗಬೇಕೆಂದು ನಿರ್ಧರಿಸುವ ಸಣ್ಣ ತೂತಿನ ಜೆಟ್‌ಗಳನ್ನೇ ಹಾಗೆಯೇ ಬಿಟ್ಟಿದ್ದರು, ಯಾವ ಅಳತೆಯನ್ನೂ ಮಾಡಿರಲಿಲ್ಲ. ಸಾಲದ್ದಕ್ಕೆ ಇಲ್ಲಿನ ಬಂಕ್‌ಗಳ ಪೆಟ್ರೋಲಿನಲ್ಲಿ ಶೇ. 10ರಷ್ಟು ಎಥನಾಲ್ ಇರುತ್ತದೆ, ಅದು ಮಿಶ್ರಣವನ್ನು ಇನ್ನಷ್ಟು ಲೀನ್ ಮಾಡುತ್ತದೆ. (ಭಾರತದಲ್ಲಿ ಈಗ ಶೇ. 20ರಷ್ಟು ಎಥನಾಲ್ ಇರುವ ಪೆಟ್ರೋಲ್ ಬಂದಿರುವುದರಿಂದ ಹಳೆಯ ಕಾರ್ಬೊರೇಟರ್ ಗಾಡಿ ಇರುವವರು ಅಲ್ಲಿಯೂ ಇದನ್ನು ಗಮನಿಸಬೇಕು.) ಬ್ರೇಕ್ ಒತ್ತುವುದನ್ನು ಹಗುರಗೊಳಿಸುವ ಸರ್ವೊಗೆ ಹೋಗುವ ವ್ಯಾಕ್ಯೂಮ್ (ಇಂಜಿನ್ ಗಾಳಿ ಹೀರುವ) ಪೈಪಿಗೆ ಸಾಧಾರಣ ರಬ್ಬರ್ ಹೋಸ್ ಸಿಕ್ಕಿಸಿದ್ದರು, ಅದು ಬಿಸಿಗೆ ಬಿರಿದು ಅಲ್ಲಿಂದಲೂ ಗಾಳಿ ಸೇರುತ್ತಿತ್ತು.

ಸೂಚನೆಗಳು ಇರಲಿಲ್ಲವೆಂದಲ್ಲ. ಇಳಿಜಾರಿನಲ್ಲಿ ಕಾಲು ತೆಗೆದಾಗಲೆಲ್ಲ ಸೈಲೆನ್ಸರಿನಲ್ಲಿ ಪಟಪಟ ಸದ್ದು ಬರುತ್ತಿತ್ತು. ಮೇ ತಿಂಗಳಲ್ಲಿ ಪ್ಲಗ್ ಬಿಚ್ಚಿ ನೋಡಿದಾಗ ತುದಿ ಸುಣ್ಣದಂತೆ ಬೆಳ್ಳಗಿತ್ತು. ಹಾಸನದಲ್ಲಿ ನಮ್ಮ ತಂದೆಯವರು ಸ್ಕೂಟರಿನ ಪ್ಲಗ್ ಬಿಚ್ಚಿ, ಕಾಫಿಪುಡಿಯ ಬಣ್ಣ ಇದ್ದರೆ ಸರಿ, ಬೆಳ್ಳಗಿದ್ದರೆ ಪಿಸ್ಟನ್ನಿಗೆ ಆಪತ್ತು ಎಂದು ತೋರಿಸಿಕೊಟ್ಟದ್ದು ನನಗೆ ಚೆನ್ನಾಗಿ ನೆನಪಿತ್ತು. ಗ್ಯಾರೇಜಿಗೆ ಫೋನ್ ಮಾಡಿದರೆ, ಹೊಸ ಕಾರ್ಬೊರೇಟರ್ ಶುದ್ಧವಾಗಿ ಉರಿಸುತ್ತಿದೆ ಎಂಬುದಕ್ಕೆ ಅದೇ ಗುರುತು ಎಂಬ ಉತ್ತರ ಬಂತು. ಆ ದಿನ ವ್ಯಾನ್ ನಿಲ್ಲಿಸಬೇಕಾಗಿತ್ತು.

ಇನ್ನೆರಡು ತಪ್ಪುಗಳು ಇದಕ್ಕೆ ಕೂಡಿಕೊಂಡವು. ಪ್ಲಗ್ಗುಗಳಿಗೆ ಕಿಡಿ ಹಂಚುವ ಮೂಲ ಡಿಸ್ಟ್ರಿಬ್ಯೂಟರ್‌ಗೆ ಕಾರ್ಬೊರೇಟರ್‌ನಿಂದ ವ್ಯಾಕ್ಯೂಮ್ ಪೈಪ್ ಬರುತ್ತಿತ್ತು. ಸಮತಟ್ಟು ದಾರಿಯಲ್ಲಿ ಅರ್ಧ ಥ್ರಾಟಲ್‌ನಲ್ಲಿ ಹೋಗುವಾಗ ಅದು ಕಿಡಿಯನ್ನು ಮುಂಚಿತವಾಗಿ ಹಾರಿಸುತ್ತಿತ್ತು. ಅದನ್ನು ತೆಗೆದು, ಬರೀ ಒಳಗೆ ತಿರುಗುವ ತೂಕಗಳ ಮೇಲೆ ಕೆಲಸ ಮಾಡುವ 009 ಮಾದರಿಯದನ್ನು ಹಾಕಿದ್ದರು. ಲೀನ್ ಮಿಶ್ರಣ ನಿಧಾನವಾಗಿ ಉರಿಯುತ್ತದೆ. ಕಿಡಿಯೂ ತಡವಾದರೆ ಉರಿಯುತ್ತಿರುವ ಅನಿಲವೇ ಎಕ್ಸಾಸ್ಟ್ ವಾಲ್ವ್ ದಾಟಿ ಹೋಗಿ ವಾಲ್ವನ್ನೂ ಅದು ಕೂರುವ ಉಂಗುರವಾದ ಸೀಟನ್ನೂ ಕಾಯಿಸುತ್ತದೆ. ಎರಡನೆಯದು, ಹಳೆಯ ಏರ್ ಫಿಲ್ಟರಿಗೆ ಬಿಸಿಗಾಳಿ ತರುತ್ತಿದ್ದ ಹೋಸ್ ತೆಗೆದ ಜಾಗವನ್ನು ಮುಚ್ಚದೆ ಬಿಟ್ಟದ್ದು. ಇಂಜಿನ್ ಸುತ್ತಲಿನ ತಗಡು ಮೇಲಿನ ತಣ್ಣನೆಯ ಗಾಳಿಯನ್ನೂ ಕೆಳಗಿನ ಬಿಸಿಗಾಳಿಯನ್ನೂ ಬೇರ್ಪಡಿಸುವುದಕ್ಕೇ ಇರುವುದು. ಅದರಲ್ಲಿ ರೂಪಾಯಿಯಗಲದ ತೂತಿದ್ದರೂ ಫ್ಯಾನ್ ಕೆಳಗಿನ ಕಾದ ಗಾಳಿಯನ್ನು ಎಳೆದುಕೊಳ್ಳುತ್ತದೆ. ನನ್ನದರಲ್ಲಿ ಇದ್ದದ್ದು ಅಂಗೈಯಗಲದ ತೂತು.

ಗ್ರೇಪ್‌ವೈನ್ ಏರು ಬಯಲಿನಿಂದ ಥಟ್ಟನೆ ಶುರುವಾಗಿ, ನೂರಡಿಗೆ ಆರಡಿಯಂತೆ ಏರುತ್ತಾ ಸುಮಾರು 1,260 ಮೀಟರ್ ಎತ್ತರದ ಟೆಹೋನ್ ಪಾಸ್ ಎಂಬ ಬೆಟ್ಟದ ದಾರಿಯತ್ತ ಸಾಗುತ್ತದೆ. ಅಂದು ಮಧ್ಯಾಹ್ನ ಹೊರಗೆ 40 ಡಿಗ್ರಿ ಬಿಸಿಲು. ಮೂರನೆಯ ಗೇರಿನಲ್ಲಿ ಹತ್ತುತ್ತಿದ್ದಾಗ ಮೊದಲು ಎಳೆತ ಕಡಿಮೆಯಾಯಿತು, ಅನಂತರ ಹಿಂದಿನಿಂದ ಸುತ್ತಿಗೆಯಿಂದ ಬಡಿದಂತಹ ಸದ್ದು ಬಂತು. ಇಂಜಿನ್ ನಿಲ್ಲಿಸಿ ಬದಿಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅಲ್ಯೂಮಿನಿಯಂ ಬಿಸಿಗೆ ಉಕ್ಕಿಗಿಂತ ಸುಮಾರು ಎರಡು ಪಟ್ಟು ಹಿಗ್ಗುವುದರಿಂದ, ಹೆಡ್ ಮಿತಿ ಮೀರಿ ಕಾದಾಗ ಅದರೊಳಗೆ ಬಿಗಿಯಾಗಿ ಕೂರಿಸಿದ ವಾಲ್ವ್ ಸೀಟ್ ಸಡಿಲವಾಗುತ್ತದೆ. 3ನೆಯ ಸಿಲಿಂಡರಿನ ಎಕ್ಸಾಸ್ಟ್ ಸೀಟ್ ಕಳಚಿ ಚೂರಾಗಿ, ಪಿಸ್ಟನ್ನಿನ ತಲೆಯನ್ನು ಕುಟ್ಟಿಹಾಕಿತ್ತು. ಅದೇ ಹೆಡ್ಡಿನ ಇನ್ನೊಂದು ಕೋಣೆಯಲ್ಲಿ ಪ್ಲಗ್ ರಂಧ್ರದಿಂದ ಸೀಟಿನವರೆಗೆ ಬಿರುಕಿತ್ತು. ನನ್ನ ಹೆಂಡತಿ ಮತ್ತು ಇಬ್ಬರು ಮಕ್ಕಳು ಆ ಬಿಸಿಲಿನಲ್ಲಿ ಮೂರು ಗಂಟೆ ರಸ್ತೆ ಬದಿಯಲ್ಲಿ ಕಾದರು.

ಇದಕ್ಕಿಂತ ಭಯ ಹುಟ್ಟಿಸಿದ್ದು ಇಂಜಿನ್ ಹೊರಗೆ ತೆಗೆದಾಗ ಕಂಡ ಪೆಟ್ರೋಲ್ ಲೈನ್. ಇಂಜಿನ್ನಿನಿಂದಲೇ ತಿರುಗುತ್ತಿದ್ದ ಹಳೆಯ ಪಂಪ್ ತೆಗೆದು, ಇಗ್ನಿಷನ್ ಕೀಗೆ ನೇರವಾಗಿ ಎಲೆಕ್ಟ್ರಿಕ್ ಪಂಪ್ ಜೋಡಿಸಿದ್ದರು. ಇಂಜಿನ್ ನಿಂತರೂ ಕೀ ತಿರುಗಿಸಿದ್ದಷ್ಟು ಹೊತ್ತು ಅದು ಪೆಟ್ರೋಲ್ ತಳ್ಳುತ್ತಲೇ ಇರುತ್ತದೆ. ಪ್ಲಾಸ್ಟಿಕ್ ಫಿಲ್ಟರ್ ಡಿಸ್ಟ್ರಿಬ್ಯೂಟರಿನ ಮೇಲೆಯೇ ತೂಗಾಡುತ್ತಿತ್ತು, ಎಥನಾಲ್ ತಾಳದ ಹೋಸ್ ಬೆರಳಿನಿಂದ ಬಾಗಿಸಿದರೆ ಸೀಳು ಬಿಡುತ್ತಿತ್ತು. ಇಂತಹ ವ್ಯಾನುಗಳು ಸುಟ್ಟುಹೋಗುವುದು ಹೀಗೆಯೇ. ಇದನ್ನು ಓದುತ್ತಿರುವವರ ವ್ಯಾನಿನ ಇಂಜಿನ್ ಕೋಣೆಯಲ್ಲಿ ಪ್ಲಾಸ್ಟಿಕ್ ಫಿಲ್ಟರ್ ಇದ್ದರೆ, ಬೇರೆ ಏನನ್ನೂ ಮಾಡುವ ಮೊದಲು ಅದನ್ನು ಅಲ್ಲಿಂದ ತೆಗೆಯಿರಿ.

ಹೆಡ್, ಪಿಸ್ಟನ್ ಮತ್ತು ಕೂಲಿ ಸೇರಿ ನಾಲ್ಕು ಸಾವಿರ ಡಾಲರ್ ಮೀರಿತು. ಶಾಫ್ಟ್ ಬುಷ್ ಹಾಕಿದ ಸೋಲೆಕ್ಸ್ ಜೋಡಿ, ವ್ಯಾಕ್ಯೂಮ್ ಇರುವ ಡಿಸ್ಟ್ರಿಬ್ಯೂಟರ್, ಪೂರ್ತಿ ತಗಡು ಮತ್ತೆ ಬಂದಿವೆ; ಪ್ಲಗ್ಗಿನ ಬುಡಕ್ಕೆ ಸೆನ್ಸರ್ ಹಾಕಿಸಿ ಹೆಡ್ಡಿನ ಶಾಖ ತೋರಿಸುವ ಮೀಟರನ್ನೂ ಕೂರಿಸಿದ್ದೇನೆ. 205 ಡಿಗ್ರಿ ಹತ್ತಿರವಾದರೆ ಗೇರ್ ಇಳಿಸಿ ನಿಧಾನಿಸುತ್ತೇನೆ. ನಿಜವಾಗಿಯೂ ಹೆಚ್ಚು ಶಕ್ತಿ ಬೇಕೆನ್ನುವವರು ಪ್ರತಿ ಬದಿಗೆ ಒಂದೊಂದು ಎರಡು ಗಂಟಲಿನ ಕಾರ್ಬೊರೇಟರ್ ಹಾಕಿಸಬಹುದು, ಆದರೆ ಎಕ್ಸಾಸ್ಟಿನಲ್ಲಿ ಆಕ್ಸಿಜನ್ ಸೆನ್ಸರ್ ಇಟ್ಟು ಏರುದಾರಿಯಲ್ಲಿ ಓಡಿಸಿ ಜೆಟ್ ಹೊಂದಿಸಿಕೊಡುವವರು ಸಿಕ್ಕರೆ ಮಾತ್ರ. ಕ್ಯಾಲಿಫೋರ್ನಿಯಾದಲ್ಲಿ 1976 ಮತ್ತು ಅನಂತರದ ಮಾದರಿಯ ವ್ಯಾನುಗಳಿಗೆ ಹೊಗೆ ಪರೀಕ್ಷೆ ಇರುವುದರಿಂದ, ಅವುಗಳಲ್ಲಿ ಕಾರ್ಬೊರೇಟರ್ ಬದಲಿಗೆ ಇರುವ ಫ್ಯುಯೆಲ್ ಇಂಜೆಕ್ಷನ್ ತೆಗೆಸಿದರೆ ನೋಂದಣಿ ನವೀಕರಣಕ್ಕೇ ತೊಡಕಾಗುತ್ತದೆ.

ನನ್ನ ಹಳೆಯ ಕಾರ್ಬೊರೇಟರ್‌ಗಳು ಗುಜರಿಗೆ ಹೋದವೆಂದು ಗ್ಯಾರೇಜಿನವರು ಹೇಳಿದರು. ಬದಲಿ ಜೋಡಿ ಹುಡುಕುವುದಕ್ಕೆ ಐದು ತಿಂಗಳು ಹಿಡಿಯಿತು, ಏಕೆಂದರೆ ಎಡದ್ದೂ ಬಲದ್ದೂ ಒಂದೇ ಅಲ್ಲ. ಇಡೀ ಇಂಜಿನ್ನಿನ ಐಡ್ಲಿಂಗ್ ಮಿಶ್ರಣವನ್ನು ನೋಡಿಕೊಳ್ಳುವ ಭಾಗ ಎಡದ್ದರಲ್ಲಿ ಮಾತ್ರ ಇರುತ್ತದೆ. ಏನೇ ಹೊಸದು ಹಾಕಿಸಿದರೂ ಬಿಚ್ಚಿದ ಹಳೆಯ ಜೋಡಿಯನ್ನು ಲಿಂಕೇಜ್ (ಎರಡನ್ನೂ ಒಟ್ಟಿಗೆ ತೆರೆಯುವ ಸರಳುಗಳು), ಪೈಪು, ಏರ್ ಫಿಲ್ಟರ್ ಸಮೇತ ಕೇಳಿ ಪಡೆದು ಮನೆಗೆ ತನ್ನಿ.