ಕಾರ್ಡಿನ ಸಾಲ ‘ಸೆಟಲ್’ ಮಾಡುವ ಮುಂಚೆ ಇದನ್ನೊಮ್ಮೆ ಓದಿ

ನಮ್ಮ ಮಾತಿನಲ್ಲಿ ‘ಲೆಕ್ಕ ಸೆಟಲ್ ಆಯ್ತು’ ಅಂದರೆ ಚುಕ್ತಾ ಆಯಿತು, ಇನ್ನು ಕೊಡೋದು ತಗೊಳ್ಳೋದು ಏನೂ ಇಲ್ಲ ಅಂತ. ಬ್ಯಾಂಕಿನವರ ಮಾತಿನಲ್ಲಿ ಹಾಗಲ್ಲ. ಅಲ್ಲಿ ಸೆಟಲ್ಡ್ ಅಂದರೆ, ಈ ಗಿರಾಕಿ ಪೂರ್ತಿ ಕಟ್ಟಲಿಲ್ಲ, ಸಿಕ್ಕಷ್ಟು ತಗೊಂಡು ಉಳಿದದ್ದು ಕೈಬಿಟ್ಟೆವು ಅಂತ. ಈ ಒಂದು ಪದ ತಿಳಿಯದೆ ಸಂಬಳದಾರರೊಬ್ಬರ ಮನೆ ಸಾಲ ಕೈತಪ್ಪಿತು. ಹೆಸರು, ಬ್ಯಾಂಕು ಬೇಡ, ನಡೆದದ್ದು ಇಷ್ಟು.

ಕ್ರೆಡಿಟ್ ಕಾರ್ಡಿನಲ್ಲಿ ಬಳಸಿದ್ದು ಸುಮಾರು 42,000 ರೂಪಾಯಿ. ಕೆಲಸ ಹೋಯಿತು, ಕಟ್ಟುವುದು ನಿಂತಿತು. ತಿಂಗಳಿಗೆ ಶೇ. 3.6 ಬಡ್ಡಿ, ಪ್ರತಿ ಬಿಲ್ಲಿಗೂ ಲೇಟ್ ಫೀ, ಎರಡರ ಮೇಲೂ ಶೇ. 18 ಜಿಎಸ್‌ಟಿ. 14 ತಿಂಗಳಲ್ಲಿ ಬಾಕಿ 86,000 ದಾಟಿತು. ಆಗ ವಸೂಲಿ ಏಜೆಂಟ್ ಫೋನ್ ಮಾಡಿ, ‘ಸರ್, 38,000 ಕಟ್ಟಿಬಿಡಿ, ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್, ಫೈಲ್ ಕ್ಲೋಸ್’ ಅಂದ. ಕಟ್ಟಿದರು. ಪತ್ರವೂ ಬಂತು. ‘ಫುಲ್ ಅಂಡ್ ಫೈನಲ್’ ಅಂತ ಅದರಲ್ಲಿ ಇದ್ದದ್ದೂ ನಿಜ. ಆದರೆ ಆ ಪತ್ರದ ಅರ್ಥ, ಇನ್ನು ಮುಂದೆ ನಿಮ್ಮ ಬೆನ್ನು ಹತ್ತುವುದಿಲ್ಲ ಅನ್ನುವಷ್ಟೇ. ನಿಮ್ಮ ಸಾಲದ ಇತಿಹಾಸ ಹೇಳುವ ಕ್ರೆಡಿಟ್ ವರದಿಯಲ್ಲಿ ಏನು ಬರೆಯುತ್ತೇವೆ ಅನ್ನುವುದರ ಬಗ್ಗೆ ಅದರಲ್ಲಿ ಒಂದಕ್ಷರವೂ ಇರಲಿಲ್ಲ.

ಮೂರು ವರ್ಷದ ಮೇಲೆ ಮನೆ ಸಾಲಕ್ಕೆ ಅರ್ಜಿ ಹಾಕಿದಾಗ ಸಿಬಿಲ್ ಅನ್ನುವ ಕ್ರೆಡಿಟ್ ಮಾಹಿತಿ ಸಂಸ್ಥೆಯ ವರದಿ ಹೊರಬಂತು. ಆ ಕಾರ್ಡಿನ ಖಾನೆಯಲ್ಲಿ ಸ್ಟೇಟಸ್ ‘ಸೆಟಲ್ಡ್’. ಸೆಟಲ್‌ಮೆಂಟ್ ಮೊತ್ತ 38,000, ಬ್ಯಾಂಕು ರೈಟ್-ಆಫ್ ಮಾಡಿದ್ದು, ಅಂದರೆ ಕೈಬಿಟ್ಟದ್ದು, 48,000. ಕೆಳಗೆ ತಿಂಗಳಿಗೊಂದರಂತೆ ಪುಟ್ಟ ಚೌಕಗಳು: 000, 000, 029, 060, 091... ಎಷ್ಟು ದಿನ ತಡ ಅನ್ನುವ ಲೆಕ್ಕ ಅದು. ಸಾಲ ಕೊಡುವ ಅಧಿಕಾರಿ 300ರಿಂದ 900ರೊಳಗಿನ ಸ್ಕೋರನ್ನು ನೋಡಿ ಸುಮ್ಮನಾಗುವುದಿಲ್ಲ, ಈ ಚೌಕಗಳನ್ನೂ ಆ ಒಂದು ಪದವನ್ನೂ ಹುಡುಕುತ್ತಾನೆ. ಉಳಿದ ಕಂತುಗಳನ್ನೆಲ್ಲ ಚೊಕ್ಕವಾಗಿ ಕಟ್ಟಿ ಸ್ಕೋರು ಮೇಲೇರಿದ್ದರೂ ಸೆಟಲ್ಡ್ ಕಂಡರೆ ಫೈಲು ಪಕ್ಕಕ್ಕೆ ಹೋಗುತ್ತದೆ.

ಇಲ್ಲಿಗೆ ಮುಗಿದಿದ್ದರೆ ಅರ್ಧ ನಷ್ಟ. ಇನ್ನರ್ಧವನ್ನು ‘ಸಿಬಿಲ್ ಸರಿ ಮಾಡಿಕೊಡ್ತೀವಿ’ ಅನ್ನುವ ಅಂಗಡಿಯವನು ಮಾಡಿದ. 16,000 ಮುಂಗಡ, ಜೊತೆಗೆ ಪ್ಯಾನ್, ಆಧಾರ್, ಹುಟ್ಟಿದ ದಿನಾಂಕ, ಮೊಬೈಲಿಗೆ ಬಂದ ಒಟಿಪಿ. ಅವನು ಮಾಡಿದ ಕೆಲಸ ಯಾರು ಬೇಕಾದರೂ ಪುಕ್ಕಟೆ ಮಾಡಬಹುದಾದದ್ದು: ಇವರ ಹೆಸರಿನಲ್ಲಿ ಸಿಬಿಲ್ ತಾಣಕ್ಕೆ ಲಾಗಿನ್ ಆಗಿ ಎಲ್ಲ ಖಾತೆಗಳ ಮೇಲೂ ತಕರಾರು ಹಾಕಿದ, ನೆಟ್ಟಗೆ ತೀರಿದ್ದ ಚಿನ್ನದ ಸಾಲದ ಮೇಲೂ. ಸಿಬಿಲ್ ಆಗಲಿ, ಅದರಂಥವೇ ಆದ ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಸಂಸ್ಥೆಗಳಾಗಲಿ ತಾನಾಗಿ ಒಂದಂಕಿಯನ್ನೂ ತಿದ್ದುವುದಿಲ್ಲ. ತಕರಾರನ್ನು ಬ್ಯಾಂಕಿಗೆ ಕಳಿಸುತ್ತದೆ, ಬ್ಯಾಂಕು ಒಪ್ಪಿದರೆ ಮಾತ್ರ ಬದಲಾವಣೆ. ಅಲ್ಲಿಯವರೆಗೆ ಆ ಖಾನೆಯಲ್ಲಿ ‘ತಕರಾರಿನಲ್ಲಿದೆ’ ಅಂತ ಗುರುತು ಬೀಳುತ್ತದೆ. ನಿಜವಾಗಿಯೂ ಆದದ್ದನ್ನು ಬ್ಯಾಂಕು ಯಾಕೆ ಅಲ್ಲಗಳೆದೀತು? ತಕರಾರು ತಿರಸ್ಕಾರ, ಸೆಟಲ್ಡ್ ಅಲ್ಲೇ. ಮೇಲಾಗಿ ‘ಸ್ಕೋರು ಏರಲಿ’ ಅಂತ ಅಂಗಡಿಯವನು ನಾಲ್ಕಾರು ಕಡೆ ಸಾಲಕ್ಕೆ ಅರ್ಜಿ ಹಾಕಿಸಿದ್ದ. ಅವೆಲ್ಲ ದಿನಾಂಕ ಸಮೇತ ವರದಿಯ ‘ಎನ್‌ಕ್ವೈರಿ’ ಪಟ್ಟಿಗೆ, ಅಂದರೆ ಯಾರ ಹತ್ತಿರ ಸಾಲ ಕೇಳಿದ್ದರು ಅನ್ನುವ ಪಟ್ಟಿಗೆ, ಸೇರಿದವು. ನಮ್ಮ ವರದಿ ನಾವೇ ನೋಡಿದರೆ ಸ್ಕೋರು ಇಳಿಯುವುದಿಲ್ಲ. ಸಾಲಕ್ಕಾಗಿ ಮೇಲಿಂದ ಮೇಲೆ ಬಾಗಿಲು ತಟ್ಟಿದರೆ ಇಳಿಯುತ್ತದೆ.

ಹಾಗಾದರೆ ದಾರಿ? ಇದೆ, ಆದರೆ ದುಡ್ಡು ಬೇಕು. ಮೊದಲು ನಾಲ್ಕೂ ಸಂಸ್ಥೆಗಳಿಂದ ವರದಿ ತೆಗೆಯಿರಿ. ವರ್ಷಕ್ಕೊಂದು ಪೂರ್ತಿ ವರದಿ ಉಚಿತವಾಗಿ ಕೊಡಬೇಕೆಂಬುದು ರಿಸರ್ವ್ ಬ್ಯಾಂಕಿನ ನಿಯಮ. ಎಲ್ಲದರಲ್ಲೂ ಒಂದೇ ಮಾಹಿತಿ ಇರುತ್ತದೆ ಅಂದುಕೊಳ್ಳಬೇಡಿ. ಆಮೇಲೆ ಬ್ಯಾಂಕಿಗೇ ಬರೆಯಿರಿ, ಏಜೆಂಟನಿಗಲ್ಲ: ಬಿಟ್ಟುಕೊಟ್ಟ ಬಾಕಿಯನ್ನು ಕಟ್ಟಲು ಸಿದ್ಧ, ಅದರಲ್ಲಿ ಅಸಲೆಷ್ಟು, ಬಡ್ಡಿ ಎಷ್ಟು, ಲೇಟ್ ಫೀ ಎಷ್ಟು ತಿಳಿಸಿ. ಲೇಟ್ ಫೀಯಲ್ಲಿ ಚೌಕಾಸಿ ಮಾಡಿ, ತಪ್ಪೇನಿಲ್ಲ. ಆದರೆ ಕಡಿಮೆ ಮಾಡಿದ ಮೊತ್ತಕ್ಕೂ ಸ್ಟೇಟಸ್ ‘ಕ್ಲೋಸ್ಡ್’ (ಬಾಕಿ ಇಲ್ಲದೆ ಮುಗಿದದ್ದು) ಅಂತಲೇ ಕಳಿಸುತ್ತೀರಾ ಅಂತ ಮೊದಲೇ ಕೇಳಿ. ಸಾಲವನ್ನು ಯಾವುದಾದರೂ ಅಸೆಟ್ ರಿಕನ್‌ಸ್ಟ್ರಕ್ಷನ್ ಕಂಪನಿಗೆ (ಬ್ಯಾಂಕುಗಳ ಕೆಟ್ಟ ಸಾಲ ಕೊಳ್ಳುವ ಕಂಪನಿ) ಮಾರಿಬಿಟ್ಟಿದ್ದರೆ ವ್ಯವಹಾರ ಆ ಕಂಪನಿಯ ಜೊತೆ, ಬಾಕಿ ಇಲ್ಲದ ಪತ್ರವೂ ಅಲ್ಲಿಂದಲೇ. ಇದು ಗೊತ್ತಾಗದೆ ಹಳೇ ಬ್ಯಾಂಕಿಗೆ ಅಲೆದಾಡುವವರು ತುಂಬಾ.

ಒಂದು ರೂಪಾಯಿ ಕಟ್ಟುವ ಮುಂಚೆ ಬ್ಯಾಂಕಿನ ಲೆಟರ್‌ಹೆಡ್ಡಿನಲ್ಲೋ ಅಧಿಕೃತ ಇಮೇಲಿನಲ್ಲೋ ಈ ಒಂದು ವಾಕ್ಯ ಬರಲೇಬೇಕು: ‘ಈ ಮೊತ್ತ ಬಂದ ಮೇಲೆ ಖಾತೆಯನ್ನು ಎಲ್ಲ ಕ್ರೆಡಿಟ್ ಮಾಹಿತಿ ಸಂಸ್ಥೆಗಳಿಗೂ ಕ್ಲೋಸ್ಡ್ ಎಂದು ವರದಿ ಮಾಡುತ್ತೇವೆ.’ ವಾಟ್ಸ್ಆ್ಯಪ್ ಸಂದೇಶ ಲೆಕ್ಕಕ್ಕಿಲ್ಲ. ದುಡ್ಡು ಹೋಗಬೇಕಾದದ್ದು ಕಾರ್ಡ್ ನಂಬರಿಗೆ ಅಥವಾ ಸಾಲದ ಖಾತೆಗೆ, ಏಜೆಂಟನ ಯುಪಿಐಗೆ ಅಲ್ಲ. ಹಣ ಹೋದದ್ದಕ್ಕೆ ಗುರುತಾದ ಯುಟಿಆರ್ ನಂಬರ್ ಬರೆದಿಟ್ಟುಕೊಳ್ಳಿ.

2025ರಿಂದ ಬ್ಯಾಂಕುಗಳು ಕನಿಷ್ಠ ಹದಿನೈದು ದಿನಕ್ಕೊಮ್ಮೆಯಾದರೂ ಈ ಸಂಸ್ಥೆಗಳಿಗೆ ಮಾಹಿತಿ ಕಳಿಸಬೇಕು. ತಿಂಗಳು ಕಳೆದರೂ ಬದಲಾಗದಿದ್ದರೆ, ವರದಿಯ ಮೇಲಿರುವ ಕಂಟ್ರೋಲ್ ನಂಬರ್ ಹಾಕಿ, ಬಾಕಿ ಇಲ್ಲದ ಪತ್ರ ಲಗತ್ತಿಸಿ ನೀವೇ ತಕರಾರು ಸಲ್ಲಿಸಿ. ಶುಲ್ಕವಿಲ್ಲ. 30 ದಿನದೊಳಗೆ ಬಗೆಹರಿಯದಿದ್ದರೆ ಮುಂದಿನ ಪ್ರತಿ ದಿನಕ್ಕೂ 100 ರೂಪಾಯಿ ಪರಿಹಾರ ಕೊಡಬೇಕೆಂಬ ನಿಯಮ 2024ರ ಏಪ್ರಿಲ್‌ನಿಂದ ಜಾರಿಯಲ್ಲಿದೆ. ಆ 30 ದಿನದಲ್ಲಿ ಮೊದಲ 21 ದಿನ ಬ್ಯಾಂಕಿನದು, ಉಳಿದದ್ದು ಮಾಹಿತಿ ಸಂಸ್ಥೆಯದು. ತಡ ಯಾರದೋ ದಂಡ ಅವರದು. ಉತ್ತರ ಬರದಿದ್ದರೆ, ಬಂದದ್ದು ಸರಿಯಿಲ್ಲದಿದ್ದರೆ, ರಿಸರ್ವ್ ಬ್ಯಾಂಕಿನ ದೂರು ತಾಣವಾದ ಸಿಎಂಎಸ್ ಪೋರ್ಟಲ್‌ನಲ್ಲಿ ಒಂಬುಡ್ಸ್‌ಮನ್‌ಗೆ (ದೂರು ವಿಚಾರಿಸುವ ಅಧಿಕಾರಿ) ದೂರು ಕೊಡಿ. ಕೇಳಿ ತಿಳಿಯಲು 14448. ಕ್ಲೋಸ್ಡ್ ಆದ ಮಾತ್ರಕ್ಕೆ ಹಳೆಯ 060, 091 ಅಳಿಸಿಹೋಗುವುದಿಲ್ಲ. ಆ ಚೌಕಗಳು ವರದಿಯಲ್ಲಿ ಇನ್ನೂ ಕೆಲಕಾಲ ಉಳಿಯುತ್ತವೆ.

ಕೈಯಲ್ಲಿ ನಿಜಕ್ಕೂ ಕಾಸಿಲ್ಲದವರಿಗೆ ಸೆಟಲ್‌ಮೆಂಟ್ ಬೇಡವೇ ಬೇಡ ಅನ್ನುವುದು ಸುಲಭದ ಬುದ್ಧಿವಾದ. ದಿನಾ ಫೋನು, ಬೆಳೆಯುವ ಬಡ್ಡಿ, ಇದಕ್ಕಿಂತ ಅದೇ ವಾಸಿ ಅನ್ನಿಸುವ ಸ್ಥಿತಿ ಇರುತ್ತದೆ. ಆದರೆ ಮೊದಲ ಬಿಲ್ಲು ತಪ್ಪಿದಾಗಲೇ, 90 ದಿನ ದಾಟಿ ಖಾತೆ ಎನ್‌ಪಿಎ (ವಸೂಲಾಗದ ಸಾಲ) ಆಗುವ ಮುಂಚೆಯೇ, ಬಾಕಿಯನ್ನು ಇಎಂಐಗೆ ತಿರುಗಿಸಿಕೊಡಿ ಅಂತ ಬರಹದಲ್ಲಿ ಕೇಳಿ. 42,000 ಇದ್ದಾಗ ಕೇಳುವ ಮಾತು ಅದು, 86,000 ಆದ ಮೇಲಲ್ಲ.

ಈಗಾಗಲೇ ಅಂಥ ಅಂಗಡಿಗೆ ಒಟಿಪಿ ಕೊಟ್ಟಿದ್ದೀರಾ? ಇವತ್ತೇ ಲಾಗಿನ್ ಆಗಿ ಪ್ರೊಫೈಲಿನಲ್ಲಿರುವ ಇಮೇಲ್ ಯಾರದು ನೋಡಿ. ಯಾವುದಾದರೂ ಸಾಲದ ಸಂಸ್ಥೆ ನಿಮ್ಮ ವರದಿ ತೆಗೆದರೆ ಎಸ್‌ಎಂಎಸ್ ಅಥವಾ ಇಮೇಲ್ ಮೂಲಕ ಎಚ್ಚರಿಕೆ ಬರಬೇಕು. ಈ ಪ್ರಕರಣದಲ್ಲಿ ಅದು ಹೋಗುತ್ತಿದ್ದದ್ದು ಅಂಗಡಿಯವನ ವಿಳಾಸಕ್ಕೆ.