ಭಾರದ ರೇಜರ್, ಹಗುರ ರೇಜರ್: ಆರು ವರ್ಷ ಬಳಸಿದ ಮೇಲೆ

ನನ್ನ ಬಚ್ಚಲಿನ ಕಪಾಟಿನಲ್ಲಿ ಈಗ ನಾಲ್ಕು ರೇಜರ್ ಇವೆ. ಒಂದು ಸತುವಿನ ಮಿಶ್ರಲೋಹದ್ದು. ಒಂದು ಅಲ್ಯುಮಿನಿಯಂ. ಒಂದು ಸ್ಟೇನ್‌ಲೆಸ್ ಸ್ಟೀಲ್. ಇನ್ನೊಂದು ಅಪ್ಪನ ಹಳೆಯ ಹಿತ್ತಾಳೆ ರೇಜರ್. ನಾಲ್ಕಕ್ಕೂ ಹಾಕುವುದು ಎರಡೂ ಕಡೆ ಅಲಗಿರುವ ಅದೇ ಬ್ಲೇಡ್. ನೊರೆಯೂ ಅದೇ, ಗಡ್ಡವೂ ಅದೇ. ಆದರೂ ಕೈಯಲ್ಲಿ ಹಿಡಿದರೆ ನಾಲ್ಕೂ ನಾಲ್ಕು ಥರ. ಮೊದಲ ಎರಡು ವರ್ಷ ನಾನು ಇದಕ್ಕೆ ತಪ್ಪು ಕಾರಣ ಹುಡುಕುತ್ತಿದ್ದೆ. ರೇಜರ್ ಭಾರವಾಗಿದ್ದಷ್ಟೂ ಶೇವ್ ಚೆನ್ನಾಗಿರುತ್ತದೆ ಎಂದು ನಂಬಿ ದುಡ್ಡೂ ಹಾಕಿದೆ. ಹೊಸದಾಗಿ ಕೊಳ್ಳುವವರು ಇದನ್ನು ಓದಿ ಆಮೇಲೆ ತೀರ್ಮಾನ ಮಾಡಲಿ ಅನ್ನುವುದು ನನ್ನ ಆಸೆ.

ನಾನು ಕಾರ್ಟ್ರಿಜ್ ರೇಜರ್, ಅಂದರೆ ಬ್ಲೇಡ್ ಸಮೇತ ತಲೆಯನ್ನೇ ಬದಲಾಯಿಸುವಂಥದ್ದು, ಬಿಟ್ಟು ಈ ಕಡೆ ಬಂದದ್ದು 2019ರಲ್ಲಿ. ಕತ್ತಿನ ಮೇಲೆ ಸದಾ ಕೆಂಪು ಗುಳ್ಳೆ ಏಳುತ್ತಿದ್ದವು. ನಮ್ಮ ಬೀದಿಯ ಕಟಿಂಗ್ ಶಾಪಿನವರು ಅದನ್ನು ನೋಡಿ, "ಸಾರ್, ನೀವು ಒತ್ತಿ ಎಳೀತೀರಿ. ಚರ್ಮ ಬಿಗಿ ಹಿಡ್ಕೊಳ್ಳಿ, ಬ್ಲೇಡ್ ಅದರ ಪಾಡಿಗೆ ಹೋಗುತ್ತೆ" ಅಂದರು. ಮಾರನೆಯ ವಾರವೇ ಮೂರು ಭಾಗಗಳ ಒಂದು ಸೇಫ್ಟಿ ರೇಜರ್ ತಂದೆ. ಮೇಲೊಂದು ಮುಚ್ಚಳ, ನಡುವೆ ಬ್ಲೇಡ್ ಕೂರುವ ತಟ್ಟೆ (ಇವೆರಡೂ ಸೇರಿದರೆ ತಲೆ), ಕೆಳಗೆ ತಿರುಗಿಸಿ ಬಿಗಿ ಮಾಡುವ ಹಿಡಿ. ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಇಟ್ಟರೆ 78 ಗ್ರಾಂ.

ಈ ಮೂರು ಭಾಗಗಳ ರೇಜರಿನಲ್ಲಿ ಒಂದು ಅನುಕೂಲವಿದೆ. ಈಗ ಬರುವ ಬಹಳಷ್ಟು ರೇಜರ್‌ಗಳ ತಿರುಪು 5 ಮಿಲಿಮೀಟರಿನದ್ದು. ಹಾಗಾಗಿ ಒಂದರ ತಲೆಗೆ ಇನ್ನೊಂದರ ಹಿಡಿ ಕೂರುತ್ತದೆ. ನಾನು ಅಲ್ಯುಮಿನಿಯಂನ ಒಂದು ಹಿಡಿ, ಸ್ಟೀಲಿನ ಒಂದು ಹಿಡಿ ಬೇರೆಯಾಗಿ ತರಿಸಿಕೊಂಡೆ. ತಲೆ ಮಾತ್ರ ಅದೇ, 32 ಗ್ರಾಂ. ಅಲ್ಯುಮಿನಿಯಂ ಹಿಡಿ ಹಾಕಿದರೆ ಒಟ್ಟು 52 ಗ್ರಾಂ, ಅದರದೇ ಹಿತ್ತಾಳೆ ಹಿಡಿಯಲ್ಲಿ 78, ಸ್ಟೀಲ್ ಹಿಡಿಯಲ್ಲಿ 104. ಒಂದೊಂದನ್ನೂ ಎರಡೆರಡು ವಾರ ಬಳಸಿದೆ. ಪ್ರತಿ ವಾರ ಹೊಸ ಬ್ಲೇಡ್. ಬೇರೇನೂ ಬದಲಾಯಿಸಲಿಲ್ಲ.

ಹಗುರ ಹಿಡಿಯಲ್ಲಿ ಮೊದಲ ವಾರವೇ ಕತ್ತು ಉರಿಯಿತು. ಯೋಚಿಸಿದರೆ ತಪ್ಪು ರೇಜರಿನದಲ್ಲ. ಕೈಗೆ ಭಾರ ಸಿಗದಿದ್ದಾಗ ಬೆರಳು ತಾನಾಗಿಯೇ ಒತ್ತುತ್ತದೆ. ಒತ್ತುತ್ತಿದ್ದೇನೆ ಅನ್ನುವುದೇ ನನಗೆ ತಿಳಿಯುತ್ತಿರಲಿಲ್ಲ. ಎರಡನೆಯ ವಾರ ಹಿಡಿಯ ತುದಿಯನ್ನು ಎರಡೇ ಬೆರಳಲ್ಲಿ ಹಿಡಿದು ಎಳೆದೆ. ಉರಿ ಹೋಯಿತು.

104 ಗ್ರಾಂನಲ್ಲಿ ಕೆನ್ನೆ ಬಹಳ ಸಲೀಸಾಗಿ ಮುಗಿಯುತ್ತಿತ್ತು. ಗದ್ದದ ಒರಟು ಕೂದಲಿನಲ್ಲೂ ರೇಜರ್ ನಡುವೆ ತಡೆಯುತ್ತಿರಲಿಲ್ಲ. ಒಮ್ಮೆ ಚಲಿಸಿದರೆ ಅದೇ ವೇಗದಲ್ಲಿ ಸಾಗುತ್ತಿತ್ತು. ಆದರೆ ಗದ್ದದ ಕೆಳಗೆ, ಎದುರು ಕೂದಲಿಗೆ, ಕೆಳಗಿನಿಂದ ಮೇಲಕ್ಕೆ ಎಳೆಯುವಾಗ ಅದೇ ಭಾರ ಕೈಗೆ ಅಡ್ಡವಾಗುತ್ತಿತ್ತು. ತುಟಿಯ ಮೂಲೆಯಲ್ಲಿ, ಮೂಗಿನ ಕೆಳಗೆ ಸಣ್ಣ ಸಣ್ಣ ಎಳೆತ ಬೇಕಾದ ಕಡೆ ಅದು ನಿಲ್ಲಬೇಕಾದ ಜಾಗಕ್ಕಿಂತ ಒಂದು ಕೂದಲೆಳೆ ಮುಂದೆ ಹೋಗಿ ನಿಲ್ಲುತ್ತಿತ್ತು. ಎರಡು ಸಲ ಅಲ್ಲೇ ಕೊಯ್ದುಕೊಂಡೆ.

ಇನ್ನು ಮುಖ್ಯವಾದ ಮಾತು. ಸಂಜೆ ಕೆನ್ನೆ ಮುಟ್ಟಿ ನೋಡಿದರೆ ಮೂರೂ ಹಿಡಿಯಲ್ಲಿ ನುಣುಪು ಒಂದೇ ಆಗಿತ್ತು. ವ್ಯತ್ಯಾಸ ಇದ್ದದ್ದು ಕೈಗೆ ಮಾತ್ರ.

"ಭಾರದ ರೇಜರ್ ತನ್ನ ಭಾರದಿಂದಲೇ ಒತ್ತುತ್ತದೆ" ಎಂದು ಎಲ್ಲರೂ ಹೇಳುತ್ತಾರೆ ಅಲ್ವಾ? ಕನ್ನಡಿ ಮುಂದೆ ನಿಂತು ಯೋಚಿಸಿ. ನಿಮ್ಮ ಕೆನ್ನೆ ಗೋಡೆಯ ಹಾಗೆ ನೇರ ನಿಂತಿದೆ. ಭಾರ ಎಳೆಯುವುದು ನೆಲದ ಕಡೆಗೆ. ಹಾಗಾದರೆ ರೇಜರಿನ ತೂಕ ಕೆನ್ನೆಯ ಒಳಕ್ಕೆ ಒತ್ತುವುದಿಲ್ಲ, ಕೆನ್ನೆಯ ಉದ್ದಕ್ಕೆ ಕೆಳಗೆ ಇಳಿಯುತ್ತದೆ, ಅಷ್ಟೇ. ಮೇಲಿನಿಂದ ಕೆಳಕ್ಕೆ ಎಳೆಯುವಾಗ ಅದು ನಿಮಗೆ ಸಹಾಯ. ಮೇಲಕ್ಕೆ ಎಳೆಯುವಾಗ ಅದನ್ನು ನೀವೇ ಎತ್ತಬೇಕು. ಚರ್ಮದ ಮೇಲೆ ಬೀಳುವ ಒತ್ತಡ ಹೆಚ್ಚುಕಮ್ಮಿ ಪೂರ್ತಿ ಬೆರಳಿನದೇ. ಭಾರದ ರೇಜರ್ ಹಿಡಿದವರು ಒತ್ತುವುದನ್ನು ಬಿಡುತ್ತಾರೆ, ಅದಕ್ಕೇ ಅವರಿಗೆ ಶೇವ್ ಹಿತವಾಗುತ್ತದೆ. ನನಗೆ ಹೀಗೇ ಅನ್ನಿಸುವುದು.

ಹಾಗಾದರೆ ನುಣುಪು ಎಲ್ಲಿಂದ ಬರುತ್ತದೆ? ತಲೆಯಿಂದ. ಬ್ಲೇಡಿನ ದಪ್ಪ ಬರೀ 0.1 ಮಿಲಿಮೀಟರ್. ಕೈಯಲ್ಲಿ ಹಿಡಿದರೆ ಬಳುಕುತ್ತದೆ. ಕಿಂಗ್ ಕ್ಯಾಂಪ್ ಜಿಲೆಟ್ 1904ರಲ್ಲಿ ಪೇಟೆಂಟ್ ಪಡೆದ ರೇಜರಿನ ಜೀವಾಳವೇ ಇದು. ಬ್ಲೇಡ್ ತೆಳುವಾಗಿ, ಅಗ್ಗವಾಗಿ ಇರಲಿ, ಅದನ್ನು ಬಾಗಿಸಿ ಬಿಗಿಯಾಗಿ ಹಿಡಿಯುವ ಕೆಲಸ ರೇಜರ್ ಮಾಡಲಿ ಅನ್ನುವುದು. ಹಿಡಿತ ಅಲಗಿನ ಹತ್ತಿರ ಇದ್ದಷ್ಟೂ ಅಲಗು ನಡುಗುವುದಿಲ್ಲ. ದೂರ ಇದ್ದರೆ ಒರಟು ಕೂದಲು ಸಿಕ್ಕಾಗ ಅಲಗು ಬಗ್ಗಿ ಮತ್ತೆ ನೆಟ್ಟಗಾಗುತ್ತದೆ. ಆ ನಡುಕವೇ ಆಮೇಲೆ ಉರಿಯಾಗುವುದು. ಇದರ ಜೊತೆ ಇನ್ನೆರಡು ಅಳತೆ ಸೇರುತ್ತವೆ. ಅಲಗು ಎಷ್ಟು ಹೊರಗೆ ಚಾಚಿದೆ ಅನ್ನುವುದು ಒಂದು. ಅಲಗಿಗೂ ಅದರ ಕೆಳಗಿರುವ ತಟ್ಟೆಯ ಅಂಚಿನ ಪಟ್ಟಿಗೂ ನಡುವೆ ಎಷ್ಟು ತೆರಪು ಇದೆ ಅನ್ನುವುದು ಇನ್ನೊಂದು.

ಇದು ನನಗೆ ಮನದಟ್ಟಾದದ್ದು ಹೆನ್ಸನ್ ಎಎಲ್13 ತಂದ ಮೇಲೆ. ಕೆನಡಾದಲ್ಲಿ ವಿಮಾನ, ಬಾಹ್ಯಾಕಾಶದ ಬಿಡಿಭಾಗ ಮಾಡುತ್ತಿದ್ದವರು ಅಲ್ಯುಮಿನಿಯಂ ಗಟ್ಟಿಯನ್ನು ಕೊರೆದು ಮಾಡುವ ರೇಜರ್. ತೂಕ 37 ಗ್ರಾಂ, ಅಷ್ಟೇ. ನನ್ನ 52 ಗ್ರಾಂನದ್ದಕ್ಕಿಂತಲೂ ಹಗುರ. ಭಾರವೇ ಎಲ್ಲ ಎಂದು ನಂಬಿದ್ದ ನನಗೆ ಮೊದಲ ದಿನ ಅನುಮಾನವೇ ಇತ್ತು. ಆದರೆ ಕತ್ತು ಉರಿಯಲಿಲ್ಲ. ಅದರಲ್ಲಿ ಅಲಗು ಹೊರಗೆ ಚಾಚುವುದು ಮಿಲಿಮೀಟರಿನ ನೂರರಲ್ಲಿ ಮೂರು ಭಾಗದಷ್ಟು ಮಾತ್ರ, ಹಿಡಿತವೂ ಅಲಗಿನ ಪಕ್ಕದಲ್ಲೇ. ಸ್ವಲ್ಪ ಒತ್ತಿದರೂ ಚರ್ಮವನ್ನು ಸುಲಭಕ್ಕೆ ಕೊಯ್ಯುವಷ್ಟು ಅಲಗು ಹೊರಗಿಲ್ಲ. ಹೊಸಬರಿಗೆ ನಾನು ಧೈರ್ಯವಾಗಿ ಕೊಡುವುದು ಇದನ್ನೇ.

ಹಾಗಂತ ಲೋಹಕ್ಕೆ ಬೆಲೆಯೇ ಇಲ್ಲ ಅನ್ನಬೇಡಿ. ಇಷ್ಟು ಸೂಕ್ಷ್ಮ ಅಳತೆಯನ್ನು ವರ್ಷಗಟ್ಟಲೆ ಹಾಗೇ ಉಳಿಸಿಕೊಳ್ಳುವುದು ಲೋಹದ ಕೆಲಸ. ಅಗ್ಗದ, ಮಧ್ಯಮ ಬೆಲೆಯ ರೇಜರ್‌ಗಳಲ್ಲಿ ಹೆಚ್ಚಿನವುಗಳ ತಲೆ ಜಮಾಕ್ ಎಂಬ ಮಿಶ್ರಲೋಹದ್ದು. ಸತು, ಅಲ್ಯುಮಿನಿಯಂ, ಮೆಗ್ನೀಸಿಯಂ, ತಾಮ್ರ, ಈ ನಾಲ್ಕರ ಜರ್ಮನ್ ಹೆಸರುಗಳ ಮೊದಲ ಅಕ್ಷರಗಳಿಂದ ಆದ ಹೆಸರು ಅದು. 400 ಡಿಗ್ರಿಯ ಒಳಗೇ ಕರಗುತ್ತದೆ. ಅದಕ್ಕೇ ಅಚ್ಚಿಗೆ ಹೊಯ್ದು ಸಾವಿರಗಟ್ಟಲೆ ತಲೆ ಮಾಡಬಹುದು, ಬೆಲೆಯೂ ಕಮ್ಮಿ. ಸ್ಟೀಲ್ ಕರಗಲು 1,400 ಡಿಗ್ರಿಯ ಹತ್ತಿರ ಬೇಕು. ಒಳ್ಳೆಯ ಸ್ಟೀಲ್ ರೇಜರ್‌ಗಳನ್ನು ಸಾಮಾನ್ಯವಾಗಿ ಗಟ್ಟಿಯಿಂದ ಕೊರೆದೇ ಮಾಡುತ್ತಾರೆ. ಬೆಲೆ ಏರುವುದು ಅಲ್ಲಿ.

ಜಮಾಕ್ ಚೆನ್ನಾಗಿಯೇ ಕೆಲಸ ಮಾಡುತ್ತದೆ, ಮೇಲಿನ ಕ್ರೋಮಿಯಂ ಲೇಪ ಇರುವ ತನಕ. ನನ್ನದು ಹಾಳಾದದ್ದು ಮೂರನೆಯ ವರ್ಷ. ನಮ್ಮದು ಬೆಂಗಳೂರಿನ ಬೋರ್‌ವೆಲ್ ನೀರು, ಬಕೆಟ್ಟಿನ ಅಂಚಿನಲ್ಲೂ ಬಿಳಿ ಕಟ್ಟುತ್ತದೆ. ರೇಜರ್ ಮೇಲೂ ಕಟ್ಟಿತ್ತು. ಅದನ್ನು ತೆಗೆಯಲು ಒಂದು ರಾತ್ರಿ ವಿನೆಗರ್‌ನಲ್ಲಿ ನೆನೆಹಾಕಿದೆ. ತಟ್ಟೆಯ ಅಂಚಿನಲ್ಲಿ ಲೇಪ ಸ್ವಲ್ಪ ಗೀರಿತ್ತು, ಅದು ನನ್ನ ಗಮನಕ್ಕೆ ಬಂದಿರಲಿಲ್ಲ. ಹುಳಿ ಅಲ್ಲಿಂದ ಒಳಗೆ ಹೋಗಿ ಸತುವನ್ನು ತಿಂದುಬಿಟ್ಟಿತು. ಬೆಳಿಗ್ಗೆ ನೋಡಿದರೆ ಗೀರಿನ ಸುತ್ತ ಲೇಪ ಗುಳ್ಳೆ ಎದ್ದಿತ್ತು, ಒಳಗೆ ಕಪ್ಪು ಗುಂಡಿ. ಬ್ಲೇಡ್ ಅಲ್ಲಿ ಸಮವಾಗಿ ಕೂರುತ್ತಿರಲಿಲ್ಲ, ಒಂದು ಕಡೆ ಅಲಗು ಜಾಸ್ತಿ ಹೊರಗೆ. ಅದಾಗಿ ಕೆಲವು ತಿಂಗಳಿಗೆ ಕೈಜಾರಿ ಬಿದ್ದಾಗ ಮುಚ್ಚಳದ ತಿರುಪಿನ ಕಡ್ಡಿ ಬುಡದಲ್ಲೇ ಮುರಿಯಿತು. ಜಮಾಕ್ ಬಗ್ಗುವುದಿಲ್ಲ, ಮುರಿಯುತ್ತದೆ. ಅದೇ ತರಹದ ಇನ್ನೊಂದು ತಲೆ ಕೊಂಡೆ, ಇವತ್ತಿಗೂ ಚೆನ್ನಾಗಿದೆ. ಈಗ ಹುಳಿ ತಾಗಿಸುವುದಿಲ್ಲ. ಬಿಸಿನೀರು, ಪಾತ್ರೆ ತೊಳೆಯುವ ಸೋಪು, ಹಳೆಯ ಹಲ್ಲುಜ್ಜುವ ಬ್ರಷ್, ಇಷ್ಟು ಸಾಕು. ಶೇವ್ ಆದ ಮೇಲೆ ಒರೆಸಿ ಒಣಗಿಸಿದರೆ ಬಿಳಿ ಕಟ್ಟುವುದೂ ಕಮ್ಮಿ. ಅಲ್ಯುಮಿನಿಯಂ ರೇಜರಿಗೂ ಹುಳಿ ಬೇಡ, ತೀರಾ ಕ್ಷಾರದ ಸೋಪೂ ಬೇಡ.

ಅಪ್ಪನ ರೇಜರಿನ ಕಥೆ ಬೇರೆ. ಅದರ ಲೇಪ ಎಂದೋ ಹೋಗಿದೆ, ಒಳಗಿನ ಹಿತ್ತಾಳೆ ಹಳದಿಯಾಗಿ ಕಾಣುತ್ತದೆ. ಅಮ್ಮ ಪೂಜೆಯ ಪಾತ್ರೆಗಳ ಜೊತೆ ಅದನ್ನೂ ಹುಣಸೆಹಣ್ಣು ಹಾಕಿ ಉಜ್ಜುತ್ತಿದ್ದಳು. ಹುಣಸೆಯ ಹುಳಿ ಹಿತ್ತಾಳೆಯ ಮೇಲಿನ ಕಿಲುಬನ್ನು ಮಾತ್ರ ತೆಗೆಯಿತು, ಲೋಹ ಹಾಗೇ ಉಳಿಯಿತು. ತಿರುಪು ಸವೆದಿಲ್ಲ, ಬ್ಲೇಡ್ ಇವತ್ತಿಗೂ ಎರಡೂ ಕಡೆ ಸಮವಾಗಿ ಕೂರುತ್ತದೆ. ಭಾರ 60 ಗ್ರಾಂ, ಹಿಡಿ ಗಿಡ್ಡ. ಕೈಗೆ ಬಹಳ ಹಿತ. ಹಳೆ ಸಾಮಾನಿನ ಅಂಗಡಿಯಲ್ಲಿ ಇಂಥದ್ದು ಸಿಕ್ಕಿದರೆ, ಲೇಪ ಹೋಗಿದೆ ಎಂದು ಬಿಡಬೇಡಿ. ಗೀರಿದ ಕಡೆ ಹಳದಿ ಕಂಡರೆ ಕೊಳ್ಳಿ. ಬೂದು ಬಣ್ಣ, ಗುಂಡಿ ಕಂಡರೆ ಬಿಟ್ಟುಬಿಡಿ.

ಅಪ್ಪನದ್ದು ಗಿಡ್ಡ ಹಿಡಿ ಅಂದೆನಲ್ಲ, ಹಿಡಿ ಬದಲಾದರೆ ಸಮತೋಲವೂ ಬದಲಾಗುತ್ತದೆ. ತೂಕಕ್ಕಿಂತ ಆ ಸಮತೋಲವನ್ನು ಮೊದಲು ನೋಡಿ ಅನ್ನುತ್ತೇನೆ ನಾನು. ರೇಜರನ್ನು ಒಂದು ಬೆರಳ ಮೇಲೆ ಅಡ್ಡಲಾಗಿ ಇಟ್ಟು ಎಲ್ಲಿ ಸಮ ನಿಲ್ಲುತ್ತದೆ ನೋಡಿ. ತಲೆಯ ಹತ್ತಿರ ನಿಂತರೆ ಭಾರವೆಲ್ಲ ಅಲಗಿನ ಕಡೆ ಇದೆ ಎಂದರ್ಥ. ಅಂಥದ್ದು ಕೆನ್ನೆಯ ಮೇಲೆ ತಾನಾಗಿ ಇಳಿಯುತ್ತದೆ. ಹಿಡಿಯ ನಡುವೆ ನಿಂತರೆ ತಿರುಗಿಸಲು ಸುಲಭ, ಮೀಸೆಯ ಅಂಚಿಗೆ, ಕಿವಿಯ ಪಕ್ಕಕ್ಕೆ ಒಳ್ಳೆಯದು. ನನ್ನ ಸ್ಟೀಲ್ ಹಿಡಿಯ ತೊಂದರೆ ಇದೇ ಆಗಿತ್ತು. ತಲೆ ಹಗುರ, ಹಿಡಿ ಭಾರ. ಒಟ್ಟು ತೂಕ 104 ಗ್ರಾಂ ಇದ್ದರೂ ಅಲಗಿನ ಕಡೆ ಏನೂ ಇಲ್ಲದಂತೆ ಅನ್ನಿಸುತ್ತಿತ್ತು. ಪೆಟ್ಟಿಗೆಯ ಮೇಲೆ ಬರೆದ ಗ್ರಾಂ ಇದನ್ನು ಹೇಳುವುದೇ ಇಲ್ಲ.

ಕೊನೆಗೆ ಕೊಂಡದ್ದು ಪೂರ್ತಿ ಸ್ಟೀಲಿನ ರೇಜರ್, 316ಎಲ್ ದರ್ಜೆಯದ್ದು. ಮೂಳೆಗೆ ಹಾಕುವ ಪ್ಲೇಟು, ಸ್ಕ್ರೂಗಳಿಗೂ ಬಳಸುವ ಸ್ಟೀಲ್. ಅದರಲ್ಲಿ ಕ್ರೋಮಿಯಂ ಜೊತೆ ಮಾಲಿಬ್ಡಿನಂ ಕೂಡ ಇರುವುದರಿಂದ ಉಪ್ಪುನೀರಿಗೂ ಸುಲಭಕ್ಕೆ ಜಗ್ಗುವುದಿಲ್ಲ. ಮೇಲೆ ಲೇಪವೇ ಇಲ್ಲ, ಹಾಗಾಗಿ ಏಳುವುದಕ್ಕೂ ಏನಿಲ್ಲ. ತೂಕ 108 ಗ್ರಾಂ. ಅದೇ ಆಕಾರವನ್ನು ಅಲ್ಯುಮಿನಿಯಂನಲ್ಲಿ ಮಾಡಿದರೆ 36 ಗ್ರಾಂ ಆಸುಪಾಸು ಬರುತ್ತದೆ, ಏಕೆಂದರೆ ಸ್ಟೀಲಿನ ಸಾಂದ್ರತೆ ಅದರ ಮೂರು ಪಟ್ಟು. ತಲೆಯೂ ಭಾರ ಇರುವುದರಿಂದ ಸಮತೋಲ ಅಲಗಿನ ಹತ್ತಿರವೇ ಇದೆ. ಮೂರು ವರ್ಷವಾಯಿತು, ನಾಲ್ಕು ಸಣ್ಣ ಗೀರು ಬಿಟ್ಟರೆ ತಂದ ದಿನದ ಹಾಗೇ ಇದೆ. ಒಮ್ಮೆ ಕೈಜಾರಿ ಬಿದ್ದಾಗ ಬಚ್ಚಲಿನ ಟೈಲ್ಸ್ ಚೂರು ಎದ್ದಿತು, ರೇಜರಿಗೆ ಏನೂ ಆಗಲಿಲ್ಲ.

ದಿನಾ ಶೇವ್ ಮಾಡುವವರಿಗೆ, ಚರ್ಮ ಸೂಕ್ಷ್ಮ ಇರುವವರಿಗೆ ಹಗುರವಾದ, ತೆರಪು ಕಿರಿದಾದ ರೇಜರ್ ಸಾಕು. ಊರಿಗೆ ಹೋಗುವಾಗ ಚೀಲದಲ್ಲಿ ನಾನು ಹಾಕಿಕೊಳ್ಳುವುದೂ ಅಲ್ಯುಮಿನಿಯಂ ರೇಜರನ್ನೇ. ವಿಮಾನದಲ್ಲಿ ಹೋಗುವುದಾದರೆ ಬ್ಲೇಡನ್ನು ಕೈಚೀಲದಲ್ಲಿ ಬಿಡುವುದಿಲ್ಲ, ನೆನಪಿರಲಿ. ಮೂರು ನಾಲ್ಕು ದಿನಕ್ಕೊಮ್ಮೆ ಮಾಡುವವರಿಗೆ, ಕೂದಲು ಒರಟಾಗಿರುವವರಿಗೆ ತೆರಪು ಸ್ವಲ್ಪ ಅಗಲವಿರುವ, 75 ರಿಂದ 85 ಗ್ರಾಂನ ರೇಜರ್ ಸರಿಹೋಗುತ್ತದೆ. ಮೆರ್ಕೂರ್ 34ಸಿ ಎಂಬ ರೇಜರ್ ಅಂಥ ತೂಕದ್ದೇ, 77 ಗ್ರಾಂ. ಕಿರಿದಾದ ತೆರಪಿನಲ್ಲಿ ಉದ್ದ ಕೂದಲು ಸಿಕ್ಕಿಕೊಂಡು ಪದೇ ಪದೇ ತೊಳೆಯಬೇಕಾಗುತ್ತದೆ. 100 ಗ್ರಾಂ ದಾಟಿದ್ದನ್ನು ಮೊದಲ ರೇಜರ್ ಆಗಿ ಕೊಳ್ಳಬೇಡಿ ಎಂದು ಕೇಳಿಕೊಳ್ಳುತ್ತೇನೆ. ಕೈ ಪಳಗಿದ ಮೇಲೆ ಅದರ ಸುಖ ಸಿಗುತ್ತದೆ.

ಸ್ಟೀಲ್ ರೇಜರಿನ ಬಗ್ಗೆ ಉಳಿದಿರುವ ನನ್ನ ಒಂದೇ ತಕರಾರು ಅದರ ಹಿಡಿ. ಕನ್ನಡಿಯಂತೆ ಪಾಲಿಷ್ ಮಾಡಿದ್ದಾರೆ, ಗೀರಿನ ಗ್ರಿಪ್ ಬಹಳ ಮೇಲುಮೇಲೆ. ನೊರೆ ತಾಗಿದ ಕೈಯಲ್ಲಿ 108 ಗ್ರಾಂ ಜಾರುತ್ತದೆ. ಗಟ್ಟಿ ಹಿಡಿದರೆ ಮತ್ತೆ ಅದೇ ಒತ್ತುವ ಅಭ್ಯಾಸ ಶುರು. ಕಳೆದ ವರ್ಷ ಹಾರ್ಡ್‌ವೇರ್ ಅಂಗಡಿಯಿಂದ ನಲ್ಲಿಗೆ ಹಾಕುವ ಎರಡು ರಬ್ಬರ್ ಉಂಗುರ ತಂದು, ಬೆರಳು ಕೂರುವ ಜಾಗದಲ್ಲಿ ಹಿಡಿಗೆ ತೊಡಿಸಿದೆ. ಈಗ ಜಾರುವುದಿಲ್ಲ. ಆರು ತಿಂಗಳಿಗೊಮ್ಮೆ ಉಂಗುರ ಬದಲಾಯಿಸುತ್ತೇನೆ, ಜೊತೆಗೆ ಅದರ ಕೆಳಗೆ ಸೇರಿದ ಸೋಪನ್ನೂ ಉಜ್ಜಿ ತೆಗೆಯುತ್ತೇನೆ.