ಕಾಲ್ ಸೆಂಟರ್, ಕ್ಯಾಬ್, ಆಡಿಟರ್ ಆಫೀಸು: ಗಂಟೆಗೆ ಎಷ್ಟು ಗಿಟ್ಟಿತು?

ಮೂರೂ ಮಾಡಿ ನೋಡಿದ್ದೇನೆ. ನನ್ನ ಓಟು ರಾಜಾಜಿನಗರದ ಆಡಿಟರ್ ಆಫೀಸಿಗೆ. ವೈಟ್‌ಫೀಲ್ಡ್‌ನ ಕಾಲ್ ಸೆಂಟರ್‌ನಲ್ಲಿ ಕೈಗೆ 32,000 ಬರುತ್ತಿತ್ತು, ಇಲ್ಲಿ 26,000. ಆರು ಸಾವಿರ ಸುಮ್ನೆ ಬಿಟ್ಟು ಬಂದೆಯಲ್ಲೋ ಅಂತ ಅಪ್ಪ ಈಗಲೂ ಗೊಣಗುತ್ತಾರೆ.

ಕಾಲ್ ಸೆಂಟರ್ ಕೆಲಸ ಕಷ್ಟದ್ದೇನಲ್ಲ. ಸಾಕಾಗಿಸಿದ್ದು ಆಫೀಸ್ ಕ್ಯಾಬು. ಶಿಫ್ಟು ಸಂಜೆ 6ರಿಂದ ರಾತ್ರಿ 3, ಪಿಕಪ್ 4ಕ್ಕೇ. ನಮ್ಮ ರೂಟಿನಲ್ಲಿ ನನ್ನ ಮನೆಯೇ ಎಲ್ಲರಿಗಿಂತ ದೂರ. ಹಾಗಾಗಿ ಹತ್ತುವಾಗ ನಾನೇ ಮೊದಲು, ಇಳಿಯುವಾಗ ನಾನೇ ಕೊನೆ. ಗೇಟಿಗೆ ಬರೋದು ಸ್ವಲ್ಪ ತಡವಾದರೆ 'ನೋ ಶೋ', ಅಂದರೆ ಬರಲೇ ಇಲ್ಲ ಅಂತ ಹಾಕಿ ಗಾಡಿ ಹೊರಟೇಬಿಡುತ್ತದೆ. ಅದೇ ಗಾಡಿ ಆರ್.ಟಿ. ನಗರದಲ್ಲಿ ಇನ್ನೊಬ್ಬರ ಮನೆ ಮುಂದೆ ಹಾರ್ನ್ ಹೊಡೆಯುತ್ತಾ ನಿಂತಿರುತ್ತದೆ! ಆಮೇಲೆ ಟಿನ್ ಫ್ಯಾಕ್ಟರಿ ಜಂಕ್ಷನ್ನಿನ ಟ್ರಾಫಿಕ್ ಜಾಮು.

ವಾಪಸ್ ಬರುವಾಗ ರೋಡು ಖಾಲಿ. ಆದರೆ ಬಾಣಸವಾಡಿ, ಕಮ್ಮನಹಳ್ಳಿ ಸುತ್ತಿ ಮನೆ ಸೇರುವಾಗ ನಾಲ್ಕೂವರೆ.

ನಮ್ಮ ರಾಜ್ಯದ 1961ರ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆ ಕೆಲಸ ಅನ್ನುತ್ತದೆ. ಕ್ಯಾಬಿನಲ್ಲಿ ಕೂತ ಮೂರೂವರೆ ಗಂಟೆ ಯಾರ ಲೆಕ್ಕಕ್ಕೂ ಇಲ್ಲ. ನಾನು ಸೇರಿಸಿಕೊಂಡೆ. ದಿನಕ್ಕೆ ಹನ್ನೆರಡೂವರೆ ಗಂಟೆ, ತಿಂಗಳಿಗೆ 22 ದಿನ: ಗಂಟೆಗೆ 116 ರೂಪಾಯಿ. ಆಡಿಟರ್ ಆಫೀಸು 10ರಿಂದ 6, ಶನಿವಾರ ಅರ್ಧ ದಿನ. ಹೋಗಿಬರೋದೂ ಸೇರಿ ತಿಂಗಳಿಗೆ 218 ಗಂಟೆ, ಗಂಟೆಗೆ 119. ಅಪ್ಪನಿಗೆ ಚೀಟಿಯಲ್ಲಿ ಬರೆದು ತೋರಿಸಿದೆ. "ಬ್ಯಾಂಕಿಗೆ ಗಂಟೆ ಜಮಾ ಆಗುತ್ತೇನೋ?" ಅಂದರು.

ಮಧ್ಯೆ ಭಾವನ ಹಳದಿ ಬೋರ್ಡ್ ಕಾರು ಓಡಿಸಿದ್ದೂ ಉಂಟು. ಆ್ಯಪ್ ತೋರಿಸುವ ಗಳಿಕೆಯಲ್ಲಿ ಸಿಎನ್‌ಜಿ, ಇಎಂಐ, ಪಂಚರ್ ಕಳೆದಿರುವುದಿಲ್ಲ. ಏರ್‌ಪೋರ್ಟಲ್ಲಿ ವಾಪಸ್ ಬಾಡಿಗೆಗೆ ಕಾಯುವ ಹೊತ್ತಿಗೆ ದುಡ್ಡೂ ಇಲ್ಲ. ಗಂಟೆ ಲೆಕ್ಕ ಹಾಕಲಿಲ್ಲ, ಕ್ಯಾಬಿನ ಬಗ್ಗೆ ಇಷ್ಟು ಹೇಳಿದರೆ ಸಾಕು.

ಆಡಿಟರ್ ಆಫೀಸಲ್ಲಿ ಪಿಎಫ್ ಇಲ್ಲ. 20 ಜನಕ್ಕಿಂತ ಕಮ್ಮಿ ಇದ್ದರೆ ಕಡ್ಡಾಯವೂ ಅಲ್ಲ. ಆರೋಗ್ಯ ವಿಮೆ ನಾನೇ ಕಟ್ಟುತ್ತೇನೆ. ಜುಲೈ ಕೊನೆ, ಸೆಪ್ಟೆಂಬರ್ ಕೊನೆ ಬಂತೆಂದರೆ ರಿಟರ್ನ್ಸ್, ಟ್ಯಾಕ್ಸ್ ಆಡಿಟ್ ಅಂತ ರಾತ್ರಿ ಒಂಬತ್ತಾದರೂ ಏಳೋ ಹಾಗಿಲ್ಲ. ವರ್ಷವಿಡೀ ಪೇಪರ್ ಕೊಡದ ಕ್ಲೈಂಟು ಆಗಲೇ ಚೀಲ ಹೊತ್ತು ಬರುತ್ತಾರೆ.

ನನ್ನದು ಸ್ವಂತ ಮನೆ, ಸಾಲ ಇಲ್ಲ, ರಾತ್ರಿ ನಿದ್ದೆ ಬೇಕೇಬೇಕು. ಹಾಗಾಗಿ 26,000 ಸಾಕು. ನಿಮ್ಮ ಮನೆ ವೈಟ್‌ಫೀಲ್ಡ್ ಕಡೆಯೇ ಇದ್ದರೆ ಕಾಲ್ ಸೆಂಟರ್ ಬಿಡಬೇಡಿ. ಸೇರುವ ಮುಂಚೆ ಎಚ್‌ಆರ್ ಹತ್ತಿರ ಸಂಬಳದ ಜೊತೆ ಕ್ಯಾಬ್ ರೂಟನ್ನೂ ಕೇಳಿ.